ಸೋತ ಔಷಧಿಗಳ ಪಾಠವೂ ನಮಗೆ ಬೇಕು

ದ್ವಿತೀಯ ಪಿಯುಸಿ ಜೀವಶಾಸ್ತ್ರ ಪುಸ್ತಕದಲ್ಲಿ ಜೈವಿಕ ತಂತ್ರಜ್ಞಾನದ ಅನ್ವಯಗಳ ಬಗ್ಗೆ ಒಂದು ಪಾಠವಿದೆ. ತಂಬಾಕು ಗಿಡದ ಬೇರನ್ನು ಹಾಳು ಮಾಡುವ ಮೆಲಾಯ್ಡೊಗೈನ್ ಇನ್‌ಕಾಗ್ನಿಟಾ ಎಂಬ ಜಂತುವನ್ನು ಆರ್‌ಎನ್‌ಎ ಇಂಟರ್‌ಫಿಯರೆನ್ಸ್ ಮೂಲಕ ತಡೆದ ಕಥೆ ಅದರಲ್ಲಿ ಬರುತ್ತದೆ. ಅಲ್ಲಿಯೇ ‘ಸೆನ್ಸ್’ ಮತ್ತು ‘ಆ್ಯಂಟಿಸೆನ್ಸ್’ ಎಂಬ ಎರಡು ಪದಗಳು ಬಂದು ಹೋಗುತ್ತವೆ. ಮುಂದಿನ ಪುಟಗಳಲ್ಲಿ 1990ರಲ್ಲಿ ನಾಲ್ಕು ವರ್ಷದ ಹೆಣ್ಣುಮಗುವಿಗೆ ಕೊಟ್ಟ ಮೊದಲ ಜೀನ್ ಥೆರಪಿಯ ಪ್ರಸ್ತಾಪವಿದೆ. ಪರೀಕ್ಷೆಗೆ ಇಷ್ಟು ಸಾಕು. ನಾವೂ ಇಷ್ಟನ್ನೇ ಬಾಯಿಪಾಠ ಮಾಡುತ್ತೇವೆ, ಬರೆಯುತ್ತೇವೆ, ಅಂಕ ತೆಗೆಯುತ್ತೇವೆ.

ನನ್ನ ತಕರಾರು ಇರುವುದು ಇಲ್ಲಿಯೇ. ಪುಸ್ತಕದಲ್ಲಿ ಗೆದ್ದ ಪ್ರಯೋಗಗಳು ಮಾತ್ರ ಇವೆ. ಇದೇ ಆ್ಯಂಟಿಸೆನ್ಸ್ ತಂತ್ರದಿಂದ ಕ್ಯಾನ್ಸರ್ ಗಡ್ಡೆಯ ಬೆಳವಣಿಗೆಯನ್ನು ನಿಧಾನ ಮಾಡಲು ಜಗತ್ತಿನ ದೊಡ್ಡ ದೊಡ್ಡ ಪ್ರಯೋಗಾಲಯಗಳು ನಲವತ್ತು ವರ್ಷಕ್ಕೂ ಹೆಚ್ಚು ಕಾಲ ಮಾಡಿದ ಪ್ರಯತ್ನ, ಅದರಲ್ಲಿ ಆದ ಸೋಲು, ಸೋತ ಮೇಲೆ ಕಲಿತದ್ದು ಯಾವುದೂ ನಮ್ಮ ತರಗತಿಯೊಳಗೆ ಬರುವುದಿಲ್ಲ. ಆದರೆ ಬೇರೆ ಬಾಗಿಲಿನಿಂದ ಅದು ನಮ್ಮ ಮನೆಯೊಳಗೆ ಬರುತ್ತಿದೆ. ‘ಜೀನ್ ಇಂಜೆಕ್ಷನ್‌ನಿಂದ ಕ್ಯಾನ್ಸರ್ ಮಾಯ’ ಎಂದು ವಾಟ್ಸ್ಆ್ಯಪ್‌ನಲ್ಲಿ ಬರುತ್ತದೆ. ವಿಜ್ಞಾನ ಓದುವ ನಾವು ಅದನ್ನು ಓದಿ ಸುಮ್ಮನಿರುತ್ತೇವೆ, ಇಲ್ಲವೇ ಹತ್ತು ಜನರಿಗೆ ಫಾರ್ವರ್ಡ್ ಮಾಡುತ್ತೇವೆ. ಸೋತ ಪ್ರಯೋಗಗಳನ್ನೂ ನಾವು ಕಲಿಯಬೇಕು ಎಂದು ನಾನು ಹೇಳುವುದು ಈ ಕಾರಣಕ್ಕೆ.

ಮೊದಲು ತಂತ್ರ ಏನೆಂದು ನೋಡೋಣ. ಕಲಾ, ವಾಣಿಜ್ಯ ವಿಭಾಗದ ಗೆಳೆಯರೂ ಓದುತ್ತಾರೆ ಎಂದು ಸರಳವಾಗಿ ಹೇಳುತ್ತೇನೆ. ಮದುವೆ ಮನೆಯಲ್ಲಿ ಎಷ್ಟು ಜನರಿಗೆ ಏನು ಅಡುಗೆ ಎಂಬ ದೊಡ್ಡ ಪಟ್ಟಿ ಮನೆಯ ಹಿರಿಯರ ಕಪಾಟಿನಲ್ಲಿ ಭದ್ರವಾಗಿರುತ್ತದೆ. ಅದರಿಂದ ಒಂದು ಚೀಟಿ ಬರೆದು ಅಡುಗೆಯವರಿಗೆ ಕಳಿಸುತ್ತಾರೆ. ಅಡುಗೆಯವರು ಚೀಟಿ ನೋಡಿ ಬೇಯಿಸುತ್ತಾರೆ. ನಮ್ಮ ಜೀವಕೋಶದಲ್ಲಿ ಆ ಪಟ್ಟಿ ಡಿಎನ್‌ಎ, ಚೀಟಿ ಮೆಸೆಂಜರ್ ಆರ್‌ಎನ್‌ಎ, ಅಡುಗೆಯವರು ರೈಬೋಸೋಮ್, ಅಡುಗೆ ಪ್ರೊಟೀನು. ಕ್ಯಾನ್ಸರ್ ಕೋಶದಲ್ಲಿ ಬೇಡದ ಚೀಟಿಗಳು ವಿಪರೀತ ಹೊರಡುತ್ತವೆ. ‘ಬೆಳೆ, ಬೆಳೆ’ ಎನ್ನುವ ಪ್ರೊಟೀನು, ‘ಸಾಯಬೇಡ’ ಎನ್ನುವ ಪ್ರೊಟೀನು ಮಿತಿ ಮೀರಿ ತಯಾರಾಗುತ್ತವೆ. ಆ್ಯಂಟಿಸೆನ್ಸ್ ಎಂದರೆ ಆ ಚೀಟಿಗೆ ಸರಿಯಾಗಿ ಹೊಂದಿ ಅಂಟಿಕೊಳ್ಳುವ ಇನ್ನೊಂದು ಚೂರು. ಅದು ಅಂಟಿದ ಮೇಲೆ ಅಡುಗೆಯವರಿಗೆ ಓದಲು ಆಗುವುದಿಲ್ಲ. ಡಿಎನ್‌ಎಯಿಂದ ಮಾಡಿದ ಚೂರಾದರೆ ಆರ್‌ಎನ್‌ಏಸ್ ಎಚ್ ಎಂಬ ಕಿಣ್ವ ಬಂದು ಚೀಟಿಯನ್ನೇ ಕತ್ತರಿಸಿ ಹಾಕುತ್ತದೆ. ಕಪಾಟಿನಲ್ಲಿರುವ ಪಟ್ಟಿಗೆ, ಅಂದರೆ ಜೀನ್‌ಗೆ, ಏನೂ ಆಗುವುದಿಲ್ಲ.

ಇದನ್ನು ಕೊಡುವುದಕ್ಕೆ ಎರಡು ದಾರಿಗಳಿವೆ. ಆ ಚೂರನ್ನು ಪ್ರಯೋಗಾಲಯದಲ್ಲಿ ತಯಾರಿಸಿ ಇಂಜೆಕ್ಷನ್ ಆಗಿ ಕೊಡುವುದು ಒಂದು. ಆ್ಯಂಟಿಸೆನ್ಸ್ ಆರ್‌ಎನ್‌ಎಯನ್ನು ಕೋಶವೇ ತಯಾರಿಸುವಂತೆ ಅದರೊಳಗೆ ಒಂದು ಜೀನನ್ನು ಸೇರಿಸುವುದು ಇನ್ನೊಂದು. ಎರಡನೆಯದನ್ನೇ ಸರಿಯಾಗಿ ಆ್ಯಂಟಿಸೆನ್ಸ್ ಜೀನ್ ಥೆರಪಿ ಎನ್ನಬೇಕು. ವಾಟ್ಸ್ಆ್ಯಪ್‌ನಲ್ಲಿ ಎರಡಕ್ಕೂ, ಇವೆರಡೂ ಅಲ್ಲದ್ದಕ್ಕೂ ‘ಜೀನ್ ಥೆರಪಿ’ ಎಂಬ ಒಂದೇ ಹೆಸರು.

ಚೂರು ಎಷ್ಟು ಅಕ್ಷರ ಉದ್ದವಿರಬೇಕು? ಇದು ನಮ್ಮ ಗಣಿತದ ತರಗತಿಯ ಲೆಕ್ಕ. ನಾಲ್ಕು ಅಕ್ಷರಗಳಿಂದ 15 ಅಕ್ಷರದ ಪದ ಮಾಡಿದರೆ ಸುಮಾರು 107 ಕೋಟಿ ಬೇರೆ ಬೇರೆ ಪದಗಳು ಬರುತ್ತವೆ. 16 ಅಕ್ಷರವಾದರೆ ಸುಮಾರು 429 ಕೋಟಿ. ಮನುಷ್ಯನ ಒಂದು ಜೊತೆ ಡಿಎನ್‌ಎ ಬರಹದಲ್ಲಿ ಸುಮಾರು 320 ಕೋಟಿ ಅಕ್ಷರಗಳಿವೆ. ಹಾಗಾಗಿ ಹದಿನಾರು ಹದಿನೇಳು ಅಕ್ಷರ ದಾಟಿದ ಮೇಲೆ ಆ ಪದ ಬೇರೆಲ್ಲೂ ಆಕಸ್ಮಿಕವಾಗಿ ಸಿಗುವ ಸಾಧ್ಯತೆ ಕಡಿಮೆಯಾಗುತ್ತಾ ಹೋಗುತ್ತದೆ. ಇಂದಿನ ಆ್ಯಂಟಿಸೆನ್ಸ್ ಔಷಧಿಗಳು ಹೆಚ್ಚಾಗಿ ಇಪ್ಪತ್ತು ಅಕ್ಷರದ ಆಸುಪಾಸಿನಲ್ಲಿ ಇರುವುದಕ್ಕೆ ಇದೂ ಒಂದು ಕಾರಣ.

ಈ ಕಥೆ ಕ್ಯಾನ್ಸರ್‌ನಿಂದಲೇ ಶುರುವಾಯಿತು ಎಂಬುದು ನನಗೆ ಬಹಳ ಇಷ್ಟವಾದ ಸಂಗತಿ. ಪೇಟನ್ ರೌಸ್ ಎಂಬ ವಿಜ್ಞಾನಿ 1911ರಲ್ಲಿ ಕೋಳಿಗಳಲ್ಲಿ ಗಡ್ಡೆ ಬರಿಸುವ ಒಂದು ವೈರಸ್ ಬಗ್ಗೆ ಬರೆದರು. ಅದಕ್ಕೆ ಅವರಿಗೆ ನೊಬೆಲ್ ಸಿಕ್ಕಿದ್ದು 1966ರಲ್ಲಿ, ಐವತ್ತೈದು ವರ್ಷಗಳ ನಂತರ. ಅದೇ ವೈರಸ್‌ನ ಆರ್‌ಎನ್‌ಎಗೆ ಹೊಂದುವ 13 ಅಕ್ಷರದ ಒಂದು ಡಿಎನ್‌ಎ ಚೂರನ್ನು ಪಾಲ್ ಝಾಮೆಕ್ನಿಕ್ ಮತ್ತು ಮೇರಿ ಸ್ಟೀಫನ್ಸನ್ ಅಮೆರಿಕದಲ್ಲಿ ತಯಾರಿಸಿದರು. ಕೋಳಿ ಭ್ರೂಣದ ಕೋಶಗಳಿಗೆ ಅದನ್ನು ಹಾಕಿದಾಗ ವೈರಸ್ ಹೆಚ್ಚುವುದೂ, ಕೋಶಗಳು ಕ್ಯಾನ್ಸರ್ ರೂಪಕ್ಕೆ ತಿರುಗುವುದೂ ಕಡಿಮೆಯಾಯಿತು. 1978ರಲ್ಲಿ ಅವರು ಇದನ್ನು ಪ್ರಕಟಿಸಿದರು. ಈ ಝಾಮೆಕ್ನಿಕ್ ನಮಗೆ ಹೊಸಬರಲ್ಲ. ನಾವು ಟ್ರಾನ್ಸ್‌ಲೇಷನ್ ಪಾಠದಲ್ಲಿ ಓದುವ ಟಿಆರ್‌ಎನ್‌ಎಯನ್ನು 1950ರ ದಶಕದಲ್ಲಿ ಕಂಡುಹಿಡಿದವರಲ್ಲಿ ಅವರೂ ಒಬ್ಬರು.

ನಂತರ ಉತ್ಸಾಹ ಏರಿತು. 1993ರಲ್ಲಿ ಅಮೆರಿಕದ ಒಂದು ತಂಡ ಇಲಿಗಳ ಮಿದುಳು ಗಡ್ಡೆಯ ಕೋಶಗಳಲ್ಲಿ ಐಜಿಎಫ್-1 ಎಂಬ ಬೆಳವಣಿಗೆಯ ಪ್ರೊಟೀನನ್ನು ಆ್ಯಂಟಿಸೆನ್ಸ್ ಜೀನ್ ಸೇರಿಸಿ ತಡೆಯಿತು. ಆ ಕೋಶಗಳನ್ನು ಇಲಿಗಳಿಗೆ ಚುಚ್ಚಿದಾಗ ಇಲಿಯ ರೋಗನಿರೋಧಕ ಶಕ್ತಿ ಎಚ್ಚರಗೊಂಡು, ಮೊದಲೇ ಇದ್ದ ಗಡ್ಡೆಗಳೂ ಕರಗಿದವು. ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಕೆಲಸ ಅದು. ಓದಿದರೆ ಯಾರಿಗಾದರೂ ಮೈ ಜುಮ್ಮೆನ್ನುತ್ತದೆ. ಆದರೆ ಮೂವತ್ತು ವರ್ಷ ಕಳೆದರೂ ಮಿದುಳು ಗಡ್ಡೆಗೆ ಅದು ಆಸ್ಪತ್ರೆಗಳಲ್ಲಿ ಎಲ್ಲರಿಗೂ ಕೊಡುವ ಚಿಕಿತ್ಸೆಯಾಗಿಲ್ಲ.

ಇನ್ನೊಂದು ಔಷಧಿಯ ಕಥೆಯನ್ನು ವಿಜ್ಞಾನ ವಿಭಾಗದ ಪ್ರತಿಯೊಬ್ಬರೂ ತಿಳಿದಿರಬೇಕು ಎನ್ನುತ್ತೇನೆ. ಬಿಸಿಎಲ್-2 ಎಂಬ ಪ್ರೊಟೀನು ಕೋಶವನ್ನು ಸಾಯಲು ಬಿಡುವುದಿಲ್ಲ. ಅನೇಕ ಕ್ಯಾನ್ಸರ್ ಕೋಶಗಳು ಇದನ್ನು ಹೆಚ್ಚಾಗಿ ತಯಾರಿಸಿಕೊಂಡು ಕಿಮೋಥೆರಪಿಗೂ ಬಗ್ಗುವುದಿಲ್ಲ. ಅದರ ಚೀಟಿಯ ಮೊದಲ ಆರು ಕೋಡಾನ್‌ಗಳು ಹೀಗಿವೆ: ಎ-ಯು-ಜಿ, ಜಿ-ಸಿ-ಜಿ, ಸಿ-ಎ-ಸಿ, ಜಿ-ಸಿ-ಯು, ಜಿ-ಜಿ-ಜಿ, ಎ-ಜಿ-ಎ. ಪುಸ್ತಕದ ಕೋಡಾನ್ ಪಟ್ಟಿ ಇಟ್ಟುಕೊಂಡು ಓದಿ ನೋಡಿ. ಮೆಥಿಯೋನಿನ್, ಅಲನಿನ್, ಹಿಸ್ಟಿಡಿನ್, ಅಲನಿನ್, ಗ್ಲೈಸಿನ್, ಆರ್ಜಿನಿನ್ ಬರುತ್ತದೆ. ಇದಕ್ಕೆ ಎದುರಾಗಿ ಹೊಂದುವ ಡಿಎನ್‌ಎ ಅಕ್ಷರಗಳನ್ನು ನೀವೇ ಬರೆಯಬಹುದು: ಟಿ-ಎ-ಸಿ, ಸಿ-ಜಿ-ಸಿ, ಜಿ-ಟಿ-ಜಿ, ಸಿ-ಜಿ-ಎ, ಸಿ-ಸಿ-ಸಿ, ಟಿ-ಸಿ-ಟಿ. ಈ 18 ಅಕ್ಷರಗಳೇ ಒಬ್ಲಿಮರ್ಸೆನ್ ಎಂಬ ಔಷಧಿಯ ಬರಹ. ಪಿಯುಸಿ ನೋಟ್‌ಬುಕ್ಕಿನ ಅರ್ಧ ಸಾಲಿನಲ್ಲಿ ಬರೆಯಬಹುದಾದ ಔಷಧಿ!

ಈ ಔಷಧಿಯನ್ನು ಮೆಲನೋಮಾ ಎಂಬ ಚರ್ಮದ ಕ್ಯಾನ್ಸರ್ ಇದ್ದ 771 ರೋಗಿಗಳಲ್ಲಿ ಪರೀಕ್ಷಿಸಿದರು. ಅರ್ಧದಷ್ಟು ಜನರಿಗೆ ಹಳೆಯ ಕಿಮೋ ಮಾತ್ರ, ಉಳಿದವರಿಗೆ ಕಿಮೋ ಜೊತೆಗೆ ಒಬ್ಲಿಮರ್ಸೆನ್. ಕಿಮೋ ಮಾತ್ರ ಪಡೆದವರ ಬದುಕಿನ ಮಧ್ಯಾಂಕ 7.8 ತಿಂಗಳು, ಎರಡನ್ನೂ ಪಡೆದವರದು 9 ತಿಂಗಳು. ಒಂದು ತಿಂಗಳು ಆರು ದಿನದ ಅಂತರ. ಅದಾದರೂ ಔಷಧಿಯಿಂದಲೇ ಬಂದದ್ದೋ ಆಕಸ್ಮಿಕವೋ ಎಂದು ಲೆಕ್ಕ ಹಾಕಿದಾಗ, ಆಕಸ್ಮಿಕ ಅಲ್ಲ ಎಂದು ಹೇಳಲು ಬೇಕಾದ ಮಟ್ಟವನ್ನು ಅದು ಮುಟ್ಟಲಿಲ್ಲ. 2004ರ ಮೇ ತಿಂಗಳಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಯ ಸಲಹಾ ಸಮಿತಿ ಇದರ ವಿರುದ್ಧ ಮತ ಹಾಕಿತು. ಕಂಪನಿ ಅರ್ಜಿ ಹಿಂದಕ್ಕೆ ಪಡೆಯಿತು.

ಇದೊಂದೇ ಅಲ್ಲ. ಶ್ವಾಸಕೋಶದ ಕ್ಯಾನ್ಸರ್‌ಗೆ ಮಾಡಿದ ಅಪ್ರಿನೊಕಾರ್ಸೆನ್ 2003ರಲ್ಲಿ ಸೋತಿತು. ಪ್ರೊಸ್ಟೇಟ್ ಕ್ಯಾನ್ಸರ್‌ಗೆ ಮಾಡಿದ ಕಸ್ಟಿರ್ಸೆನ್ ದೊಡ್ಡ ಪರೀಕ್ಷೆಯಲ್ಲಿ 2014ರಲ್ಲಿ ಸೋತಿತು. ಗಾಜಿನ ತಟ್ಟೆಯಲ್ಲಿ, ಇಲಿಯಲ್ಲಿ ಗೆದ್ದದ್ದು ಮನುಷ್ಯರಲ್ಲಿ ಏಕೆ ಸೋತಿತು? ಕಾರಣಗಳು ನಮಗೆ ಅರ್ಥವಾಗದಂಥವಲ್ಲ. ರಕ್ತದಲ್ಲಿರುವ ಕಿಣ್ವಗಳು ಇಂಥ ಚೂರನ್ನು ಬೇಗ ಹರಿದು ಹಾಕುತ್ತವೆ. ಅದನ್ನು ತಪ್ಪಿಸಲು ಬೆನ್ನೆಲುಬಿನ ಫಾಸ್ಫೇಟ್‌ನಲ್ಲಿ ಒಂದು ಆಮ್ಲಜನಕದ ಬದಲು ಗಂಧಕ ಸೇರಿಸಿದರು. ಆಗ ಚೂರು ಉಳಿಯಿತು, ಆದರೆ ಹೆಚ್ಚಿನ ಪಾಲು ಯಕೃತ್ತು ಮತ್ತು ಮೂತ್ರಪಿಂಡಕ್ಕೆ ಹೋಗಿ ಸೇರಿತು. ಗಡ್ಡೆಗೆ ತಲುಪಿದ್ದು ಸ್ವಲ್ಪ. ತಲುಪಿದ್ದರಲ್ಲೂ ಬಹುಪಾಲು ಕೋಶದೊಳಗಿನ ಚೀಲಗಳಲ್ಲಿ ಸಿಕ್ಕಿಕೊಂಡಿತು. ಇಷ್ಟೆಲ್ಲ ದಾಟಿ ಒಂದು ಪ್ರೊಟೀನನ್ನು ತಡೆದರೂ ಕ್ಯಾನ್ಸರ್ ಕೋಶ ಇನ್ನೊಂದು ದಾರಿ ಹಿಡಿಯುತ್ತದೆ. ಗಡ್ಡೆ ಒಂದೇ ಚೀಟಿಯಿಂದ ನಡೆಯುವ ಅಡುಗೆ ಮನೆ ಅಲ್ಲ.

ಹಾಗಾದರೆ ಇಡೀ ತಂತ್ರವೇ ವ್ಯರ್ಥವೇ? ಖಂಡಿತ ಅಲ್ಲ. ಔಷಧಿಯನ್ನು ತಲುಪಿಸಲು ಸುಲಭವಾದ ಜಾಗಗಳಲ್ಲಿ ಅದು ಗೆದ್ದಿತು. 1998ರಲ್ಲಿ ಮೊದಲ ಆ್ಯಂಟಿಸೆನ್ಸ್ ಔಷಧಿ ಫೋಮಿವಿರ್ಸೆನ್‌ಗೆ ಒಪ್ಪಿಗೆ ಸಿಕ್ಕಿತು. ಏಡ್ಸ್ ರೋಗಿಗಳ ಕಣ್ಣಿನ ವೈರಸ್ ಸೋಂಕಿಗೆ ಅದನ್ನು ನೇರ ಕಣ್ಣಿಗೇ ಚುಚ್ಚುತ್ತಿದ್ದರು. 2016ರ ಡಿಸೆಂಬರ್‌ನಲ್ಲಿ ಸ್ಪೈನಲ್ ಮಸ್ಕ್ಯುಲರ್ ಅಟ್ರೋಫಿ ಎಂಬ ಮಕ್ಕಳ ಸ್ನಾಯು ರೋಗಕ್ಕೆ ನುಸಿನರ್ಸೆನ್‌ಗೆ ಒಪ್ಪಿಗೆ ದೊರೆಯಿತು. ಅದನ್ನು ಬೆನ್ನುಹುರಿಯ ದ್ರವಕ್ಕೆ ಕೊಡುತ್ತಾರೆ. ಅದು ಚೀಟಿಯನ್ನು ಕತ್ತರಿಸುವುದಿಲ್ಲ, ತಪ್ಪಾಗಿ ಜೋಡಣೆಯಾಗುವ ಚೀಟಿಯನ್ನು ಸರಿಯಾಗಿ ಜೋಡಿಸುತ್ತದೆ. ಕೂರಲಾಗದ ಮಕ್ಕಳು ಕೂರುವಂತಾದರು.

ನಮ್ಮ ರಾಜ್ಯದಲ್ಲೂ ಈ ಕೆಲಸ ನಡೆಯುತ್ತಿದೆ. ಡುಶೆನ್ ಮಸ್ಕ್ಯುಲರ್ ಡಿಸ್ಟ್ರೊಫಿ ಎಂಬ ಕಾಯಿಲೆ ಸುಮಾರು 3,500 ಗಂಡುಮಕ್ಕಳಲ್ಲಿ ಒಬ್ಬರಿಗೆ ಬರುತ್ತದೆ ಎನ್ನುತ್ತಾರೆ. ಇದರಿಂದ ಬಳಲುವ ಮಕ್ಕಳ ತಂದೆ ತಾಯಂದಿರು ಸೇರಿ 2012ರಲ್ಲಿ ಬೆಂಗಳೂರಿನಲ್ಲಿ ಡಿಸ್ಟ್ರೊಫಿ ಅನೈಹಿಲೇಷನ್ ರಿಸರ್ಚ್ ಟ್ರಸ್ಟ್ ಕಟ್ಟಿದರು. ವಿದೇಶದ ಔಷಧಿಗೆ ಕೋಟಿಗಟ್ಟಲೆ ಕೊಡಲಾಗದ ಕುಟುಂಬಗಳಿಗಾಗಿ ಆ್ಯಂಟಿಸೆನ್ಸ್ ಔಷಧಿಯನ್ನು ಇಲ್ಲಿಯೇ ತಯಾರಿಸಲು ಆ ಟ್ರಸ್ಟಿನ ಪ್ರಯೋಗಾಲಯ ದುಡಿಯುತ್ತಿದೆ. ಜೋಧಪುರದ ಐಐಟಿ ಮತ್ತು ಏಮ್ಸ್ ಅದರ ಜೊತೆ ಕೈಜೋಡಿಸಿವೆ. ಮನುಷ್ಯರಲ್ಲಿ ಪರೀಕ್ಷೆ ನಡೆಸಲು ಭಾರತದ ಔಷಧ ನಿಯಂತ್ರಕರ ಒಪ್ಪಿಗೆ ಸಿಕ್ಕಿದೆ ಎಂದು 2023ರ ಆರಂಭದಲ್ಲಿ ಸುದ್ದಿಯಾಯಿತು. ಗಮನಿಸಿ, ಈ ತಂದೆ ತಾಯಂದಿರು ‘ಔಷಧಿ ಸಿಕ್ಕಿತು’ ಎಂದು ಸಾರಲಿಲ್ಲ. ಪ್ರಯೋಗಾಲಯ ಕಟ್ಟಿದರು, ಅನುಮತಿ ಕೇಳಿದರು, ಹತ್ತು ವರ್ಷ ಕಾದರು.

ಕ್ಯಾನ್ಸರ್‌ನ ಕಡೆಯೂ ಒಂದು ಬಾಗಿಲು ತೆರೆದಿದೆ. 2024ರ ಜೂನ್‌ನಲ್ಲಿ ಇಮೆಟೆಲ್‌ಸ್ಟಾಟ್ ಎಂಬ ಔಷಧಿಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಎಂಡಿಎಸ್ ಎಂಬ ರಕ್ತದ ಕ್ಯಾನ್ಸರ್ ಇದ್ದು, ಪದೇ ಪದೇ ರಕ್ತ ಹಾಕಿಸಿಕೊಳ್ಳಬೇಕಾದ ರೋಗಿಗಳಿಗೆ ಅದು. ಕ್ಯಾನ್ಸರ್ ಕೋಶಗಳಿಗೆ ಸಾವಿಲ್ಲದಂತೆ ಮಾಡುವ ಟೆಲೊಮೆರೇಸ್ ಕಿಣ್ವದೊಳಗಿನ ಆರ್‌ಎನ್‌ಎಗೆ ಅದು ಹೊಂದಿ ಅಂಟಿಕೊಳ್ಳುತ್ತದೆ. ಚೀಟಿಯನ್ನು ತಡೆಯುವುದಿಲ್ಲವಾದ್ದರಿಂದ ಅದನ್ನು ಪೂರ್ತಿ ಆ್ಯಂಟಿಸೆನ್ಸ್ ಎನ್ನಲಾಗದು. ಆದರೆ ಉಪಾಯ ಅದೇ ಕುಟುಂಬದ್ದು. ಅದರ ಉದ್ದವೂ 13 ಅಕ್ಷರ, 1978ರ ಮೊದಲ ಚೂರಿನಷ್ಟೇ. 178 ರೋಗಿಗಳ ಪರೀಕ್ಷೆಯಲ್ಲಿ ಈ ಔಷಧಿ ಪಡೆದವರಲ್ಲಿ ನೂರಕ್ಕೆ ಸುಮಾರು 40 ಮಂದಿಗೆ ಎಂಟು ವಾರ ರಕ್ತ ಹಾಕಿಸುವ ಅಗತ್ಯ ಬರಲಿಲ್ಲ. ಔಷಧಿ ಇಲ್ಲದ ಡ್ರಿಪ್ ಪಡೆದವರಲ್ಲಿ ಆ ಸಂಖ್ಯೆ ನೂರಕ್ಕೆ 15. ಇದು ಗುಣವಾಗುವುದಲ್ಲ, ಪವಾಡವೂ ಅಲ್ಲ. ಆದರೆ ಎಂಟು ವಾರ ಆಸ್ಪತ್ರೆಯ ಹಾಸಿಗೆಯಿಂದ ದೂರ ಇರುವುದು ಏನೆಂದು ರೋಗಿಯ ಮನೆಯವರಿಗೆ ಗೊತ್ತು.

ಇಷ್ಟೆಲ್ಲ ಹೇಳಿದ್ದು ನಮ್ಮ ಮನೆಯ ಒಂದು ವಿಷಯಕ್ಕೆ ಬರಲು. ಉಮ್ಮನ ಅಣ್ಣ, ನನ್ನ ಮಾಮ, ಇಪ್ಪತ್ತು ವರ್ಷ ಲಾರಿ ಓಡಿಸಿದವರು. ನಿದ್ದೆ ಬಾರದಿರಲಿ ಎಂದು ಅಡಿಕೆ ತಂಬಾಕು ಜಗಿಯುವ ಅಭ್ಯಾಸ. ನಾನು ಒಂಬತ್ತನೇ ತರಗತಿಯಲ್ಲಿದ್ದಾಗ ಅವರ ಕೆನ್ನೆಯ ಒಳಗಿನ ಹುಣ್ಣು ಕ್ಯಾನ್ಸರ್ ಎಂದು ಗೊತ್ತಾಯಿತು. ಬೇಗ ಆಪರೇಷನ್ ಮಾಡಬೇಕು ಎಂದು ಡಾಕ್ಟರು ಹೇಳಿದರು. ಅದೇ ವಾರ ಯಾರೋ ಒಂದು ವಿಡಿಯೋ ಕಳಿಸಿದರು. ದೂರದ ಒಂದು ದೊಡ್ಡ ನಗರದಲ್ಲಿ ಕತ್ತಿ ಮುಟ್ಟಿಸದೆ ಜೀನ್ ಚಿಕಿತ್ಸೆಯಿಂದ ಗಡ್ಡೆ ಕರಗಿಸುತ್ತಾರೆ ಎಂದು ಅದರಲ್ಲಿತ್ತು. ಮುಖ ಕೊಯ್ಯುವುದು ಯಾರಿಗೆ ಬೇಕು? ಮಾಮಿಯ ಚಿನ್ನ ಮಾರಿ ಮುಂಗಡ ಕಟ್ಟಿದರು. ಆರು ವಾರ ಹೋಗಿ ಬಂದು ಮಾಡಿದರು. ಯಾವ ಔಷಧಿ ಕೊಟ್ಟರು ಎಂಬುದಕ್ಕೆ ಒಂದು ಕಾಗದವೂ ಇಲ್ಲ. ಗಡ್ಡೆ ಬೆಳೆಯಿತು. ಕೊನೆಗೆ ಇಲ್ಲಿಯೇ ಆಪರೇಷನ್ ಆಯಿತು. ಮಾಮ ಇದ್ದಾರೆ, ಅಲ್‌ಹಮ್ದುಲಿಲ್ಲಾಹ್. ದವಡೆಯ ಒಂದು ಭಾಗ ಇಲ್ಲ, ಗಂಜಿಯೇ ಊಟ, ಮಾತು ಮನೆಯವರಿಗೆ ಮಾತ್ರ ಅರ್ಥವಾಗುತ್ತದೆ. ಆ ಆರು ವಾರ ಕಳೆಯದಿದ್ದರೆ ದವಡೆ ಉಳಿಯುತ್ತಿತ್ತೇ ಎಂದು ಯಾರೂ ಖಚಿತವಾಗಿ ಹೇಳಲಾರರು. ಚಿನ್ನವಂತೂ ಉಳಿಯುತ್ತಿತ್ತು.

ನಮ್ಮ ಕುಟುಂಬದಲ್ಲಿ ಆಗ ವಿಜ್ಞಾನ ಓದಿದವರು ಮೂವರು ಇದ್ದರು. ಅವರನ್ನು ದೂರುವುದಿಲ್ಲ. ಅವರ ಪುಸ್ತಕದಲ್ಲೂ ಗೆದ್ದ ಪ್ರಯೋಗಗಳು ಮಾತ್ರ ಇದ್ದವು. ಜೀನ್ ಥೆರಪಿ ನಿಜ ಎಂದು ಅವರು ಓದಿದ್ದರು, ಅದು ಎಲ್ಲಿ ಸೋಲುತ್ತದೆ ಎಂದು ಓದಿರಲಿಲ್ಲ. ಅರ್ಧ ಪಾಠ ಹೀಗೆಯೇ ಮೋಸ ಮಾಡುವವರಿಗೆ ಅನುಕೂಲವಾಗುತ್ತದೆ.

ಸೋತ ಪ್ರಯೋಗಗಳನ್ನು ಓದಿದರೆ ಮೂರು ಪ್ರಶ್ನೆಗಳು ತಾನಾಗಿ ಬಾಯಿಗೆ ಬರುತ್ತವೆ. ಮೊದಲನೆಯದು, ಇದು ಕೆಲಸ ಮಾಡಿದ್ದು ಯಾರಲ್ಲಿ? ತಟ್ಟೆಯ ಕೋಶದಲ್ಲೋ, ಇಲಿಯಲ್ಲೋ, ಮನುಷ್ಯರಲ್ಲೋ? ಎರಡನೆಯದು, ಯಾವುದಕ್ಕೆ ಹೋಲಿಸಿ? ಔಷಧಿ ಪಡೆಯದವರ ಗುಂಪು ಇತ್ತೇ? ಮೂರನೆಯದು, ಅಳೆದದ್ದು ಏನನ್ನು? ಗಡ್ಡೆ ಚಿಕ್ಕದಾದದ್ದನ್ನೋ, ರೋಗಿ ಹೆಚ್ಚು ದಿನ ಬದುಕಿದ್ದನ್ನೋ? ಇದರ ಜೊತೆಗೆ ನಮ್ಮ ದೇಶದ ನಿಯಮಗಳನ್ನೂ ತಿಳಿದಿರಬೇಕು. ಮನುಷ್ಯರ ಮೇಲೆ ನಡೆಯುವ ಔಷಧ ಪರೀಕ್ಷೆಗಳು ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿ ಆಫ್ ಇಂಡಿಯಾದಲ್ಲಿ ನೋಂದಣಿಯಾಗಬೇಕು. 2009ರಿಂದ ಇದು ಕಡ್ಡಾಯ, ಯಾರು ಬೇಕಾದರೂ ಮೊಬೈಲ್‌ನಲ್ಲಿ ನೋಡಬಹುದು. ಸಂಶೋಧನೆಯ ಖರ್ಚನ್ನು ಭಾಗವಹಿಸುವವರಿಂದ ವಸೂಲಿ ಮಾಡಬಾರದು ಎಂದು ಐಸಿಎಂಆರ್‌ನ 2017ರ ಮಾರ್ಗಸೂಚಿ ಹೇಳುತ್ತದೆ. ಜೀನ್ ಥೆರಪಿಗೆಂದೇ 2019ರಲ್ಲಿ ಪ್ರತ್ಯೇಕ ಮಾರ್ಗಸೂಚಿ ಬಂದಿದೆ. ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ವಿವರಿಸಿ ಒಪ್ಪಿಗೆ ಪಡೆಯಬೇಕು. ಅಂದರೆ ‘ಹೊಸ ಪ್ರಯೋಗ’ ಎಂದು ಹೇಳಿ ಲಕ್ಷಗಟ್ಟಲೆ ಮುಂಗಡ ಕೇಳಿದರೆ ಅಲ್ಲಿಯೇ ಅನುಮಾನ ಪಡಬೇಕು. ಇದಕ್ಕೆ ಡಾಕ್ಟರ್ ಆಗಿರಬೇಕಾಗಿಲ್ಲ, ಪಿಯುಸಿ ಸಾಕು.

ಎಲ್ಲ ಹೊಸ ಚಿಕಿತ್ಸೆಯೂ ಸುಳ್ಳು ಎಂದು ನಾನು ಹೇಳುತ್ತಿಲ್ಲ. ಕೆಲವು ರಕ್ತದ ಕ್ಯಾನ್ಸರ್‌ಗಳಿಗೆ ರೋಗಿಯದೇ ಬಿಳಿ ರಕ್ತಕಣಗಳನ್ನು ಜೀನ್ ಮಟ್ಟದಲ್ಲಿ ಬದಲಿಸಿ ಕೊಡುವ ಕಾರ್-ಟಿ ಚಿಕಿತ್ಸೆ ಭಾರತದಲ್ಲೇ ತಯಾರಾಗಿದೆ. ಮುಂಬೈ ಐಐಟಿ ಮತ್ತು ಟಾಟಾ ಮೆಮೋರಿಯಲ್ ಆಸ್ಪತ್ರೆಯವರ ಕೆಲಸಕ್ಕೆ 2023ರ ಅಕ್ಟೋಬರ್‌ನಲ್ಲಿ ಒಪ್ಪಿಗೆ ಸಿಕ್ಕಿತು. ಬೆಂಗಳೂರಿನ ಇಮ್ಯುನೀಲ್ ಕಂಪನಿಯ ಚಿಕಿತ್ಸೆ 2025ರಲ್ಲಿ ಬಂತು. ಆದರೆ ಅದು ಬಾಯಿಯ ಕ್ಯಾನ್ಸರ್‌ಗೆ ಕೊಡುವ ಚಿಕಿತ್ಸೆ ಅಲ್ಲ. ಯಾವ ರೋಗಕ್ಕೆ ಯಾವುದು ಎಂದು ಬಿಡಿಸಿ ನೋಡುವ ತಾಳ್ಮೆ ಬೇಕು.

ಗೆಳೆಯರು ಕೇಳುವ ಒಂದು ಮಾತಿಗೆ ಉತ್ತರಿಸಬೇಕು. ಹೀಗೆ ಸೋಲಿನ ಕಥೆ ಹೇಳಿದರೆ ರೋಗಿಗಳ ಆಸೆ ಕಳೆಯುವುದಿಲ್ಲವೇ, ಪ್ರತಿ ರೋಗಕ್ಕೂ ಅಲ್ಲಾಹನು ಮದ್ದು ಇಟ್ಟಿದ್ದಾನೆ ಎಂಬುದು ನಮ್ಮ ನಂಬಿಕೆಯಲ್ಲವೇ ಎಂದು ಕೇಳುತ್ತಾರೆ. ಹೌದು, ನನ್ನ ನಂಬಿಕೆಯೂ ಅದೇ. ಆದರೆ ಮದ್ದು ಇದೆ ಎಂದು ನಂಬುವುದಕ್ಕೂ, ಮದ್ದು ಸಿಕ್ಕಿದೆ ಎಂದು ಹೇಳುವವನನ್ನು ನಂಬುವುದಕ್ಕೂ ಬಹಳ ಅಂತರವಿದೆ. ಇದೆ ಎಂದು ನಂಬಿದವನು ಹುಡುಕಬೇಕು. ಹುಡುಕುವವನು ತೂಕದಲ್ಲಿ ಮೋಸ ಮಾಡಬಾರದು. 771 ರೋಗಿಗಳ ಫಲಿತಾಂಶವನ್ನು ಮುಚ್ಚಿಡದೆ ಪ್ರಕಟಿಸಿದ್ದು ಸರಿಯಾದ ತೂಕ. ಕಾಗದವಿಲ್ಲದೆ ಇಂಜೆಕ್ಷನ್ ಮಾರಿದ್ದು ಕಳ್ಳ ತೂಕ. ರಂಝಾನ್‌ನಲ್ಲಿ ನಮ್ಮ ಜಮಾಅತ್‌ಗಳು ರೋಗಿಗಳಿಗೆಂದು ಝಕಾತ್ ಹಣ ಕೂಡಿಸುತ್ತವೆ. ಅದು ಬಡವರ ಹಕ್ಕಿನ ಹಣ. ಅದು ಯಾವ ಚಿಕಿತ್ಸೆಗೆ ಹೋಗುತ್ತಿದೆ ಎಂದು ಮೇಲಿನ ಮೂರು ಪ್ರಶ್ನೆ ಕೇಳುವುದು ರೋಗಿಗೆ ಮಾಡುವ ಅವಮಾನ ಅಲ್ಲ, ನಮ್ಮ ಹೊಣೆ.

ಇನ್ನೊಂದು ಮಾತು, ‘ಪಡುಬಿದ್ರಿಯಲ್ಲಿ ಕೂತು ಇದೆಲ್ಲ ನಮಗೇಕೆ?’ ಎಂಬುದು. ಕಾರ್ಕಳಕ್ಕೆ ತಿರುಗುವ ಜಂಕ್ಷನ್‌ನಲ್ಲಿ ಹತ್ತು ನಿಮಿಷ ನಿಂತು ಜಗಿಯುವವರನ್ನು ಎಣಿಸಿ ನೋಡಿ, ಏಕೆಂದು ತಿಳಿಯುತ್ತದೆ. ತಂಬಾಕು ಸೇರಿಸದ ಅಡಿಕೆಯೂ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಪ್ರಕಟಿಸಿದೆ. ಅಡಿಕೆ ಬೆಳೆಯುವ ಜಿಲ್ಲೆಯವರಾದ ನಮಗೆ ಇದನ್ನು ಒಪ್ಪುವುದು ಕಷ್ಟ. ಗುಟ್ಕಾವನ್ನು ರಾಜ್ಯದಲ್ಲಿ 2013ರಲ್ಲಿ ನಿಷೇಧಿಸಿದರು. ಶಾಲಾ ಕಾಲೇಜುಗಳ ನೂರು ಗಜದೊಳಗೆ ತಂಬಾಕು ಮಾರಬಾರದು ಎಂದು 2003ರ ಕಾನೂನು ಇದೆ. ಆದರೂ ಹುಡುಗರ ಜೇಬಿನಲ್ಲಿ ಆ ಸಣ್ಣ ಪೊಟ್ಟಣ ಸಿಗುತ್ತದೆ ಎಂಬುದು ನಮ್ಮ ಮೇಷ್ಟ್ರುಗಳಿಗೂ ಗೊತ್ತು. ಪುಸ್ತಕದಲ್ಲಿ ತಂಬಾಕು ಗಿಡವನ್ನು ಜಂತುವಿನಿಂದ ಉಳಿಸಿದ ತಂತ್ರ, ತಂಬಾಕು ಜಗಿದವರ ಬಾಯಿಯನ್ನು ಇನ್ನೂ ಉಳಿಸಿಲ್ಲ.

ಬಾಯಿಯನ್ನು ಉಳಿಸಿದ್ದು ಬೇರೆ. ನೆರೆಯ ಕೇರಳದ ತಿರುವನಂತಪುರಂ ಜಿಲ್ಲೆಯಲ್ಲಿ 1996ರಿಂದ 1.9 ಲಕ್ಷಕ್ಕೂ ಹೆಚ್ಚು ಜನರನ್ನು ಸೇರಿಸಿ ಒಂದು ಪರೀಕ್ಷೆ ನಡೆಯಿತು. ಅರ್ಧದಷ್ಟು ಜನರ ಮನೆಗೆ ತರಬೇತಿ ಪಡೆದ ಕಾರ್ಯಕರ್ತರು ಹೋಗಿ ಬಾಯಿ ತೆರೆಸಿ ಕಣ್ಣಿನಿಂದಲೇ ನೋಡಿದರು. ಕಾರ್ಯಕರ್ತರು ಡಾಕ್ಟರುಗಳಲ್ಲ, ಪದವಿ ಓದಿದವರು. 2005ರಲ್ಲಿ ಬಂದ ಫಲಿತಾಂಶವನ್ನು ಮೇಲಿನ ಪ್ರಶ್ನೆಗಳಿಂದಲೇ ನೋಡೋಣ. ಮನುಷ್ಯರಲ್ಲಿ ನಡೆದದ್ದು, ಹೋಲಿಕೆಯ ಗುಂಪು ಇತ್ತು, ಅಳೆದದ್ದು ಸಾವನ್ನು. ಎಲ್ಲರನ್ನೂ ಸೇರಿಸಿ ನೋಡಿದಾಗ ಅಂತರ ಖಚಿತವಾಗಿ ಹೇಳುವಷ್ಟು ಇರಲಿಲ್ಲ. ಆದರೆ ತಂಬಾಕು ಅಥವಾ ಮದ್ಯ ಬಳಸುವವರಲ್ಲಿ ಬಾಯಿ ಕ್ಯಾನ್ಸರ್‌ನ ಸಾವು ನೂರಕ್ಕೆ 34ರಷ್ಟು ಕಡಿಮೆಯಾಗಿತ್ತು. ಬಾಯಿಯೊಳಗಿನ ಬಿಳಿ ಅಥವಾ ಕೆಂಪು ಕಲೆ, ಎರಡು ಮೂರು ವಾರದಲ್ಲಿ ಮಾಯದ ಹುಣ್ಣು, ಬಾಯಿ ಪೂರ್ತಿ ತೆರೆಯಲಾಗದಿರುವುದು, ಇಷ್ಟನ್ನು ನೋಡಲು ಕಲಿತರೆ ಸಾಕು.

ನಮಗೆ ಆಸ್ಪತ್ರೆ ದೂರವಿಲ್ಲ. ಮಣಿಪಾಲದ ಕೆಎಂಸಿ 1953ರಿಂದ ಇದೆ, ಅಲ್ಲಿ ಕ್ಯಾನ್ಸರ್‌ಗೆಂದೇ ಪ್ರತ್ಯೇಕ ಆಸ್ಪತ್ರೆಯೂ ಇದೆ. ದೇರಳಕಟ್ಟೆಯಲ್ಲಿ ಯೆನೆಪೋಯದ ಕ್ಯಾನ್ಸರ್ ಸಂಸ್ಥೆ ಇದೆ. ಬೆಂಗಳೂರಿನ ಕಿದ್ವಾಯಿ ಸರಕಾರದ್ದು. ಬಿಪಿಎಲ್ ಕಾರ್ಡ್ ಇರುವ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆಯ ನೆರವು ಇದೆ. ಇದನ್ನು ತಿಳಿಯದೆ ಚಿನ್ನ ಮಾರುವ ಮನೆಗಳು ನಮ್ಮ ಸುತ್ತ ಇನ್ನೂ ಇವೆ.

ಹಾಗಾಗಿ ನನ್ನ ಕೋರಿಕೆ ಎರಡು. ಒಂದು, ಉಪನ್ಯಾಸಕರಲ್ಲಿ: ಜೈವಿಕ ತಂತ್ರಜ್ಞಾನದ ಪಾಠ ಮುಗಿದ ಮೇಲೆ ಒಂದೇ ಒಂದು ತರಗತಿಯನ್ನು ಸೋತ ಔಷಧಿಗಳಿಗೆ ಕೊಡಿ. ಒಬ್ಲಿಮರ್ಸೆನ್‌ನ 18 ಅಕ್ಷರ ಬೋರ್ಡಿನಲ್ಲಿ ಬರೆದು, ಇದು ಏಕೆ ಸೋತಿರಬಹುದು ಎಂದು ನಮ್ಮನ್ನೇ ಕೇಳಿ. ನಲವತ್ತೈದು ನಿಮಿಷ ಸಾಕು, ಸಿಲಬಸ್ ಹಿಂದೆ ಬೀಳುವುದಿಲ್ಲ. ಕಾಮರ್ಸ್, ಆರ್ಟ್ಸ್‌ನವರನ್ನೂ ಕರೆಯಿರಿ, ವಾಟ್ಸ್ಆ್ಯಪ್ ಎಲ್ಲರಿಗೂ ಒಂದೇ. ಎರಡು, ನಮ್ಮ ವಿಜ್ಞಾನ ಸಂಘ ಮತ್ತು ಎನ್ನೆಸ್ಸೆಸ್ ಘಟಕದಲ್ಲಿ: ಈ ವರ್ಷದ ಶಿಬಿರದಲ್ಲಿ ದಂತ ವೈದ್ಯರನ್ನು ಕರೆಸಿ ಊರಿನವರ ಬಾಯಿ ತಪಾಸಣೆ ಇಡಿ. ಹೆಸರು ಬರೆದುಕೊಳ್ಳಲು, ಜನರನ್ನು ಕರೆತರಲು, ಕಲೆ ಕಂಡವರು ಮುಂದೆ ಆಸ್ಪತ್ರೆಗೆ ಹೋದರೇ ಎಂದು ವಿಚಾರಿಸಲು ನಾವಿದ್ದೇವೆ. ಮಾಮನೂ ಬರುತ್ತೇನೆ ಎಂದಿದ್ದಾರೆ. ಮಾತನಾಡುವುದಿಲ್ಲವಂತೆ, ಬಾಗಿಲ ಬಳಿ ಕುರ್ಚಿ ಹಾಕಿದರೆ ಕೂತಿರುತ್ತಾರಂತೆ.

ಆ್ಯಂಟಿಸೆನ್ಸ್ ಒಂದು ದಿನ ಬಾಯಿಯ ಗಡ್ಡೆಯನ್ನೂ ತಡೆಯಬಹುದು. ಆ ಕೆಲಸ ಮಾಡುವವರು ನಮ್ಮ ಬೆಂಚಿನಿಂದಲೇ ಎದ್ದು ಹೋಗಲಿ ಎಂಬುದು ನನ್ನ ಆಸೆ, ದುಆ. ಅಲ್ಲಿಯವರೆಗೆ ನಮ್ಮ ಮನೆಗಳಲ್ಲಿ ಯಾರಾದರೂ ಇಂಥ ವಿಡಿಯೋ ತೋರಿಸಿದರೆ ಮೂರು ಪ್ರಶ್ನೆ ಕೇಳಿ, ರಿಜಿಸ್ಟ್ರಿಯಲ್ಲಿ ಹುಡುಕಿ, ಡಾಕ್ಟರು ಕೊಟ್ಟ ತಾರೀಕಿಗೆ ರೋಗಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಶಿಬಿರಕ್ಕೆ ಹೆಸರು ಕೊಡುವವರು ನೋಟಿಸ್ ಬೋರ್ಡಿನ ಪಕ್ಕದ ಹಾಳೆಯಲ್ಲಿ ಬರೆಯಬಹುದು.